ದೆವ್ವದ ಸಿನಿಮಾದ ಉತ್ತರಾರ್ಧ

ಬೆಳಕು ಹರಿಯುವ ಮೊದಲೇ ಅವಳು ಒಲೆ ಒರೆಸಿ, ಹಾಲು ಕಾಯಿಸಿ, ಅತ್ತೆಯ ಮಾತ್ರೆ ಬಟ್ಟಲಿಗೆ ಹಾಕಿ, ಗಂಡನ ಅಂಗಿಗೆ ಇಸ್ತ್ರಿ ಮಾಡಿ, ನೆನೆಸಿದ ಬಟ್ಟೆ ಹಿಂಡಿ ಹರವಿ, ಎಲ್ಲರ ಡಬ್ಬಿ ತುಂಬಿಸಿರುತ್ತಾಳೆ. ಆಮೇಲೆ ಆಸ್ಪತ್ರೆಯ ಲಾಂಡ್ರಿಗೆ ಹೋಗಿ ಸಂಜೆಯವರೆಗೆ ಬಿಳಿ ಹೊದಿಕೆ ಮಡಚುತ್ತಾಳೆ. ಅಲ್ಲಿ ಎಲ್ಲರಿಗೂ ಅವಳು ಲಾಂಡ್ರಿ ಅಕ್ಕ.

ಒಂದು ಹಳೆಯ ದೆವ್ವದ ಸಿನಿಮಾ ಎಂದರೆ ಅವಳ ಗಂಡನಿಗೆ ಪ್ರಾಣ. ಟೀವಿಯಲ್ಲಿ ಬಂದಾಗಲೆಲ್ಲ ಮನೆಮಂದಿ ಕೂತು ನೋಡುತ್ತಾರೆ. ಸಿನಿಮಾ ಮುಗಿಯುವಾಗ ಬಿಸಿ ಊಟ ತಟ್ಟೆಯಲ್ಲಿರಬೇಕು ಎಂಬುದು ಆ ಮನೆಯ ರೂಢಿ. ಹಾಗಾಗಿ ನಾಯಕಿ ನೆಲಮಾಳಿಗೆಯ ಬಾಗಿಲಿಗೆ ಕೈಯಿಡುವ ಹೊತ್ತಿಗೆ ಸರಿಯಾಗಿ ಇವಳು ಅಡುಗೆಮನೆಗೆ ಏಳುತ್ತಾಳೆ. ಮದುವೆಯಾದಾಗಿನಿಂದ ಆ ಬಾಗಿಲ ಆಚೆ ಏನಿದೆಯೆಂದು ಕಂಡಿಲ್ಲ. ಪಾತ್ರೆಗಳ ಸದ್ದಿನ ನಡುವೆ ಒಂದು ಕಿರುಚಾಟ ಕೇಳಿದ್ದಾಳೆ, ಅಷ್ಟೆ. ಅಲ್ಲಿ ಏನಾಗುತ್ತದೆಂದು ವಿಚಾರಿಸಿದರೆ ಮನೆಯವರು, "ಹೇಳ್ಬಿಟ್ರೆ ಮಜಾ ಏನಿದೆ?" ಎನ್ನುತ್ತಾರೆ.

ಅದೇ ಸಿನಿಮಾ ಮತ್ತೆ ತೆಗೆದಿದ್ದಾರೆಂದು ಸುದ್ದಿ ಬಂದಾಗ ಗಂಡ ಮೂಗು ಮುರಿದ.

"ಹಳೇದ್ರ ಕಾಲಧೂಳಿಗೂ ಸಮ ಆಗಲ್ಲ ಬಿಡು. ಓಡೋದೇ ಇಲ್ಲ."

"ನನಗೆ ಹಳೇದೂ ಅರ್ಧ ಹೊಸದೇ ಅಲ್ವೇನ್ರೀ? ಈ ಸಲ ಕೊನೆ ನೋಡ್ಲೇಬೇಕು, ನಡೀರಿ."

"ಹೆದರ್ಕೊಂಡು ಅರ್ಧಕ್ಕೇ ಎದ್ದರೆ ಮತ್ತೆ!"

"ದಿನವಿಡೀ ಬಿಳಿ ಬಟ್ಟೆ ಮಡಚೋಳು ನಾನು. ದೆವ್ವ ಬಂದ್ರೆ ಅದನ್ನೂ ಮಡಚಿ ಇಟ್ಬಿಡ್ತೀನಿ."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಹೋಗ್ಬಾರೇ. ನನ್ನ ಊಟ ನಾನೇ ಬಡಿಸ್ಕೋತೀನಿ."

ಭಾನುವಾರ ಮಧ್ಯಾಹ್ನದ ಆಟಕ್ಕೆ ಹೋದರು. ಮೊದಮೊದಲು ಗಂಡ, "ಹಳೇದ್ರಲ್ಲಿ ಹೀಗಿರ್ಲಿಲ್ಲ" ಎಂದು ಗೊಣಗುತ್ತಲೇ ಇದ್ದ. ಇಂಟರ್‌ವಲ್ ಕಳೆದ ಮೇಲೆ ಗೊಣಗಾಟ ನಿಂತಿತು. ಅವಳು ಪಾಪ್‌ಕಾರ್ನ್ ಮೆಲ್ಲುತ್ತ, ಯಾರೂ ನೀರು ಕೇಳದ ಆ ಕತ್ತಲಲ್ಲಿ ಹಾಯಾಗಿ ಕಾಲು ಚಾಚಿದ್ದಳು. ನಾಯಕಿ ನೆಲಮಾಳಿಗೆಯ ಮೆಟ್ಟಿಲಿಳಿಯತೊಡಗಿದಾಗ ಒದ್ದೆ ಕೈಯೊಂದು ಅವಳ ತೋಳು ಹಿಡಿಯಿತು. ಗಂಡನದೇ.

"ಏಳು, ಹೋಗೋಣ. ಏನೂ ಇಲ್ಲ ಇದ್ರಲ್ಲಿ."

"ಏನೂ ಇಲ್ದೆ ಕೈ ಯಾಕ್ರೀ ಹೀಗೆ ಬೆವರಿದೆ?"

"ಹಸಿವು ಕಣೇ. ಮನೆಗೆ ಹೋಗಿ ಏನಾದ್ರೂ ಮಾಡು ಬಾ."

ಪಕ್ಕದವರ ಮೊಣಕಾಲು ತಡವಿಕೊಂಡು ಅವನು ಸರಸರನೆ ಹೊರನಡೆದ. ಬಾಗಿಲ ಪರದೆ ಎತ್ತಿ ಹಿಡಿದು, ಅವಳತ್ತ ಕೈಬೀಸುತ್ತ ನಿಂತ.

ಅಭ್ಯಾಸಬಲದಿಂದ ಅವಳ ಕೈ ಚೀಲಕ್ಕೆ ಹೋಯಿತು, ಪಾದ ಚಪ್ಪಲಿ ಹುಡುಕಿತು. ತೆರೆಯ ಮೇಲೆ ನಾಯಕಿ ಮೆಟ್ಟಿಲ ಕೆಳಗಿನ ಆ ಬಾಗಿಲ ಚಿಲಕ ಸರಿಸಿದಳು.

ಅವಳು ಚೀಲವನ್ನು ಗಂಡನ ಖಾಲಿ ಕುರ್ಚಿಗೆ ದಾಟಿಸಿ, ಬೆನ್ನು ಒರಗಿಸಿ, ಕಣ್ಣು ಮಿಟುಕಿಸದೆ ನೋಡುತ್ತ ಕೂತಳು.