ಮರಳು ಮೂಟೆ ಇಳಿಸಿದ ದಿನ

ನಮ್ಮ ಪಿಕಪ್ಪಿನ ಹಿಂಬದಿಯಲ್ಲಿ ಎರಡು ಮರಳು ಮೂಟೆಗಳು ಸದಾ ಬಿದ್ದಿರುತ್ತಿದ್ದವು. ಖಾಲಿ ಇದ್ದಾಗ ಗಾಡಿ ಕುಣಿಯಬಾರದೆಂದು ಅಪ್ಪ ಹಾಕಿದ್ದವು. ಭಾರತೀನಗರದ ಸುತ್ತಮುತ್ತ ಯಾವ ಹಳೆಯ ಪಿಕಪ್ಪನ್ನು ಇಣುಕಿದರೂ ಮರಳೋ ಕಲ್ಲೋ ಕಾಣುತ್ತದೆ. ಕಬ್ಬು, ಬೆಲ್ಲ ಹೇರುವುದಕ್ಕೆಂದು ಹಿಂದಿನ ಕಮಾನು ಸ್ಪ್ರಿಂಗಿಗೆ ಒಂದು ಉಕ್ಕಿನ ಪಟ್ಟ ಹೆಚ್ಚಿಗೆ ಸೇರಿಸುತ್ತಾರೆ. ಹೊರೆ ಇಲ್ಲದ ದಿನ ಗಾಡಿ ಎಗರುತ್ತದೆ. ಎಗರದಂತೆ ಮರಳು ಹಾಕುತ್ತಾರೆ. ಎಗರಾಟ ತಡೆಯಬೇಕಾದ ಶಾಕ್ ಅಬ್ಸಾರ್ಬರ್ ಸತ್ತು ಎಷ್ಟು ಕಾಲವಾಯಿತೆಂದು ಯಾರೂ ಬಗ್ಗಿ ನೋಡುವುದಿಲ್ಲ.

ನಾನು ಬಗ್ಗಿ ನೋಡಿದ್ದು ಹುಳುಗಳಿಗಾಗಿ.

ವಿಶ್ವವಿದ್ಯಾಲಯದಲ್ಲಿ ರೇಷ್ಮೆ ಕೃಷಿ ಓದಿ ಬಂದು, ಮನೆಯ ಹಿಂದಿನ ಶೆಡ್ಡಿನಲ್ಲಿ ಚಾಕಿ ಕೇಂದ್ರ ಶುರು ಮಾಡಿದ್ದೆ. ಮೊಟ್ಟೆಯೊಡೆದ ಮರಿಹುಳುಗಳನ್ನು ಎರಡನೇ ಜ್ವರದವರೆಗೆ ಸಾಕಿ ರೈತರ ಮನೆಗೆ ತಲುಪಿಸುವ ಕೆಲಸ. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಕಳಚುವ ಮುನ್ನ ಹುಳು ತಲೆಯೆತ್ತಿ ಅಲುಗದೆ ಕೂರುವ ಹೊತ್ತು. ಸಾಗಿಸಬೇಕಾದದ್ದು ಆಗಲೇ. ಕುಲುಕಬಾರದ್ದೂ ಆಗಲೇ.

ಹಿಂದಿನ ಬೆಳೆಗೆ ಮಳವಳ್ಳಿ ಆಚೆಯ ಪೂರಿಗಾಲಿಗೆ ಹುಳುವಿನ ತಟ್ಟೆಗಳನ್ನು ಒಯ್ದಾಗ, ಅಲ್ಲಿ ನನ್ನಿಂದ ಹುಳು ಕೊಳ್ಳುತ್ತಿದ್ದ ಹೆಂಗಸು ಮೇಲಿನ ಕಾಗದ ಎತ್ತಿ ನೋಡಿದರು. ಸೊಪ್ಪು, ಹುಳು ಎಲ್ಲ ಜಾರಿ ಒಂದು ಮೂಲೆಗೆ ರಾಶಿಯಾಗಿತ್ತು.

"ಏನವ್ವ, ಹುಳ ತಂದಿದ್ದೀಯೋ, ಉಪ್ಪಿಟ್ಟು ಕೆದಕಿ ತಂದಿದ್ದೀಯೋ?" ಎಂದರು. ಆಮೇಲೆ ನಗದೆ, "ಇನ್ನೊಂದ್ ಕಿತ ಇಂಗ್ ತಂದ್ರೆ ನಾನ್ ಬ್ಯಾರೆ ಕಡೆ ನೋಡ್ಕತೀನಿ ಕಣವ್ವ."

ಆ ಸಾಲಿನ ಊರುಗಳಲ್ಲಿ ಹುಳು ಸಾಕುವವರು ಅವರ ಮಾತು ಕೇಳಿಯೇ ನನ್ನ ಬಳಿ ಬಂದಿದ್ದರು. ಅವರು ಬಿಟ್ಟರೆ ನನ್ನ ಪಾಲಿಗೆ ಉಳಿಯುತ್ತಿದ್ದುದು ಖಾಲಿ ತಟ್ಟೆಗಳು.

ಸುದ್ದಿ ದೊಡ್ಡಪ್ಪನ ಕಿವಿಗೆ ಬಿತ್ತು. ಅವರ ಹತ್ತಿರ ಪರಿಹಾರ ಸಿದ್ಧವಿತ್ತು. ಮದ್ದೂರಿನ ಒಬ್ಬರು ಭಾನುವಾರ ಬಂದು ಗಾಡಿ ನೋಡುತ್ತಾರಂತೆ.

"ಗಾಡಿ ಮುಗೀತು ಕಣ್ಲಾ, ಕೊಟ್ಬುಡು," ಎಂದು ಅಪ್ಪನಿಗೆ ಹೇಳಿದರು. "ಎಣ್ ಮಗ ಸ್ಟೇರಿಂಗ್ ಇಡ್ಕಂಡು ಊರೂರ್ ಸುತ್ತೋದೇನು ಚೆಂದ? ಹುಳ ಬೇಕಾದೋರು ಮನೆತವ್ಕೇ ಬಂದು ತಕ್ಕಂಡ್ ಓಯ್ತರೆ."

ಬೆನ್ನಿನ ಆಪರೇಷನ್ ಆದ ಮೇಲೆ ಅಪ್ಪ ಗಾಡಿ ಓಡಿಸುತ್ತಿರಲಿಲ್ಲ. ಆದರೆ ಗಾಡಿ ಅವರ ಹೆಸರಿನಲ್ಲೇ ಇತ್ತು. "ನೋಡುವ ಅಣ್ಣ," ಎಂದರು. ನಮ್ಮ ಮನೆಯಲ್ಲಿ ಅಪ್ಪ ತಮ್ಮ ಅಣ್ಣನಿಗೆ "ನೋಡುವ" ಎಂದರೆ ಒಪ್ಪಿದೆ ಎಂದರ್ಥ.

ಆ ಭಾನುವಾರದ ಮರುದಿನವೇ, ಸೋಮವಾರ, ನಾನು ಪೂರಿಗಾಲಿಗೆ ಮುಂದಿನ ತಟ್ಟೆಗಳನ್ನು ಒಯ್ಯಬೇಕಿತ್ತು. ಶಾಕ್ ಅಬ್ಸಾರ್ಬರ್ ಬದಲಿಸಿಕೊಡಿ ಎಂದು ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಟೈರಿನ ಮೇಲೆ ಕೂತಲ್ಲಿಂದ ಏಳಲಿಲ್ಲ. "ಬುಟ್ಟೋಗವ್ವ, ಮುಂದಿನ್ ವಾರ ನೋಡುವ. ಅಪ್ಪನ್ನ ಕಳ್ಸು, ಮಾತಾಡ್ತೀನಿ." ಮುಂದಿನ ವಾರ ನೋಡಲು ಗಾಡಿಯೇ ಇರುವುದಿಲ್ಲವೆಂದು ಅವರಿಗೆ ವಿವರಿಸುವ ಮನಸ್ಸಾಗಲಿಲ್ಲ. ಮಂಡ್ಯಕ್ಕೆ ಹೋಗಿ ಹಿಂದಿನ ಚಕ್ರಗಳ ಎರಡು ಶಾಕ್ ಅಬ್ಸಾರ್ಬರ್ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಆ ಸಂಜೆಯೇ ತುಕ್ಕು ಹಿಡಿದ ನಟ್ಟುಗಳಿಗೆ ಡೀಸೆಲ್ ಸುರಿದು ಬಿಟ್ಟೆ.

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಹಿಂಬದಿಯನ್ನು ಜಾಕಿಯಿಂದ ಎತ್ತಿದೆ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಹೋಗಬಾರದು. ಅಡಿಯಲ್ಲಿ ಸೈಜುಗಲ್ಲು ಪೇರಿಸಿ, ಅಲುಗಿಸಿ ನೋಡಿ, ಆಮೇಲೆ ನುಸುಳಿದೆ. ಅಷ್ಟರಲ್ಲಿ ದೊಡ್ಡಪ್ಪನ ಚಪ್ಪಲಿಗಳು ನನ್ನ ತಲೆಯ ಪಕ್ಕ ಬಂದು ನಿಂತವು.

"ಎಮ್ಮೆಸ್ಸಿ ಓದ್ಬುಟ್ಟು ಗಾಡಿ ಅಡೀಲ್ ಮನೀಕಂಡವ್ಳೆ! ನಾಳೆ ಮಾರೋ ಗಾಡಿಗ್ಯಾಕವ್ವ ಈ ಸಿಂಗಾರ? ಇನ್ನೊಂದ್ ಮೂಟೆ ಮರಳ್ ಆಕು, ಸರೋಯ್ತದೆ."

ನಾನು ಸ್ಪ್ಯಾನರು ಕೈಗೆತ್ತಿಕೊಂಡೆ. ಕಮಾನು ಭಾರ ಹೊರುತ್ತದೆ, ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದನ್ನು ಚಪ್ಪಲಿಗಳಿಗೆ ಹೇಳಿ ಪ್ರಯೋಜನವಿರಲಿಲ್ಲ.

ಬಲಗಡೆಯದು ಸುಲಭವಾಗಿ ಬಂತು. ಎಡಗಡೆಯ ನಟ್ಟು ಬಿಚ್ಚಿಕೊಳ್ಳಲಿಲ್ಲ. ನಟ್ಟು ತಿರುಗಿಸಿದರೆ ಜೊತೆಗೆ ಬೋಲ್ಟೂ ತಿರುಗುತ್ತಿತ್ತು. ಅಮ್ಮನನ್ನು ಕರೆದು ಒಂದು ಕಡೆ ಸ್ಪ್ಯಾನರು ಹಿಡಿಯಲು ಹೇಳಿದೆ.

"ನಂಗೇನ್ ಗೊತ್ತವ್ವ ಇವೆಲ್ಲಾ," ಎನ್ನುತ್ತಲೇ ಅಮ್ಮ ಸೆರಗು ಸಿಕ್ಕಿಸಿ ಕೂತರು.

"ಹಿಡ್ಕೊ ಅಷ್ಟೆ. ಬಿಡಬೇಡ."

"ನಿಮ್ಮಪ್ಪನ್ನೇ ಇಷ್ಟು ವರ್ಸ ಇಡ್ಕಂಡಿವ್ನಿ. ಇದನ್ ಬುಟ್ಟನಾ? ಎಳಿ."

ನನ್ನ ಸ್ಪ್ಯಾನರಿಗೆ ಕಬ್ಬಿಣದ ಪೈಪಿನ ತುಂಡು ಸಿಕ್ಕಿಸಿ, ಕಾಲು ಊರಿ ಎಳೆದೆ. ನಟ್ಟು ಕಿರುಗುಟ್ಟಿ ಬಿಟ್ಟುಕೊಟ್ಟಿತು. ಹಳೆಯದರ ಮೈಗೆ ಸೋರಿದ ಎಣ್ಣೆ, ದೂಳು ಸೇರಿ ಕರಿ ಅಂಟಾಗಿತ್ತು. ಒತ್ತಿದರೆ ಒಳಗೆ ಹೋಗಿ ಅಲ್ಲೇ ಉಳಿಯಿತು. ಹೊಸದನ್ನು ಒತ್ತಲು ಮೈಭಾರವೆಲ್ಲ ಬೇಕಾಯಿತು, ಬಿಟ್ಟರೆ ತಾನಾಗಿ ನಿಧಾನಕ್ಕೆ ಹೊರಬಂತು. ಅದು ನನಗೆ ಹಿಡಿಸಿತು.

ಹೊಸ ಜೋಡಿ ಕೂರಿಸಿ, ನಟ್ಟುಗಳನ್ನು ಪೂರ್ತಿ ಬಿಗಿಯದೆ ಗಾಡಿ ಇಳಿಸಿದಾಗ ದೊಡ್ಡಪ್ಪ ಜಗಲಿಯಿಂದಲೇ ನಕ್ಕರು. "ಅರೆಬರೆ ಬಿಗ್ದು ಇಳಿಸ್ತಾವ್ಳೆ ನೋಡ್ಲಾ!" ಗಾಡಿಯ ಭಾರ ಚಕ್ರಗಳ ಮೇಲೆ ಕೂತ ಮೇಲೆಯೇ ಕೊನೆಯ ಬಿಗಿತ ಕೊಡಬೇಕು, ಇಲ್ಲದಿದ್ದರೆ ಒಳಗಿನ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮತ್ತೆ ಕೆಳಗೆ ನುಸುಳಿ ಬಿಗಿದೆ.

ನಂತರ ಮೂಟೆಗಳನ್ನು ಎಳೆದು ಕೆಳಗೆ ಬೀಳಿಸಿದೆ. ಹೊಲಿಗೆ ಬಿಚ್ಚಿ, ಶೆಡ್ಡಿನ ಬಾಗಿಲ ಮುಂದಿನ ಕೆಸರಿಗೆ ಮರಳು ಸುರಿದೆ.

ದೊಡ್ಡಪ್ಪ ಎದ್ದು ನಿಂತರು. "ಲೇ, ಅದ್ಯಾಕ್ ಸುರೀತಿದ್ದೀಯೆ? ನಾಳೆ ಅವ್ರು ಓಡ್ಸಿ ನೋಡ್ದಾಗ ಗಾಡಿ ಎಗರ್ತದೆ ಕಣಮ್ಮಿ!"

"ಎಗರುತ್ತಾ ನೋಡಿ ದೊಡ್ಡಪ್ಪ," ಎಂದು ಎರಡನೇ ಮೂಟೆಯನ್ನೂ ಸುರಿದೆ.

ಭಾನುವಾರ ಬಂದ ಮದ್ದೂರಿನವರು ಗಾಡಿ ಬಲ್ಲವರು. ಹಿಂದಿನ ಮೂಲೆಯನ್ನು ಎರಡೂ ಕೈಯಿಂದ ಅದುಮಿ ಬಿಟ್ಟರು. ಒಮ್ಮೆ ತಗ್ಗಿ, ಎದ್ದು, ನಿಂತಿತು. ಬಗ್ಗಿ ನೋಡಿ, "ಒಸಾ ಸಾಕಪ್ಸರು ಆಕ್ಸವ್ರೆ," ಎಂದರು.

ದೊಡ್ಡಪ್ಪನ ಮುಖ ಅರಳಿತು. "ಮತ್ತೆ! ಏನನ್ಕಂಡೆ ನಮ್ ಗಾಡಿ ಅಂದ್ರೆ? ನಿನ್ಗೋಸ್ಕರವೇ ಆಕ್ಸಿರದು ಕಣಪ್ಪ."

ಹೊರಗಿನವರ ಎದುರು ನಾನು ಹೆಚ್ಚು ಮಾತಾಡುವವಳಲ್ಲ. ಉಗುರಿನಲ್ಲಿ ಇನ್ನೂ ಆ ಕರಿ ಅಂಟಿತ್ತು.

"ಹಾಕಿಸಿದ್ದಲ್ಲ," ಎಂದೆ. "ನಾನು ಹಾಕಿದ್ದು. ನಿಮಗಲ್ಲ, ನನ್ನ ಹುಳಕ್ಕೆ. ಈ ಗಾಡಿ ಮಾರೋದಿಲ್ಲ."

ದೊಡ್ಡಪ್ಪ ನನ್ನ ಕಡೆ ತಿರುಗಲೂ ಇಲ್ಲ. "ಏನ್ಲಾ, ಗಾಡಿ ನಿಂದೋ, ಅವಳ್ದೋ?" ಎಂದು ಅಪ್ಪನನ್ನು ಕೇಳಿದರು.

ಅಪ್ಪ ಗೋಡೆ ಹಿಡಿದು ಜಗಲಿಯಿಂದ ನಿಧಾನಕ್ಕೆ ಇಳಿದು ಬಂದರು. ಮದ್ದೂರಿನವರು ಅದುಮಿದ ಮೂಲೆಯನ್ನೇ ತಾವೂ ಒಮ್ಮೆ ಅದುಮಿದರು. ಅಣ್ಣನಿಗೆ "ನೋಡುವ" ಎನ್ನಲಿಲ್ಲ. ನನ್ನನ್ನು ಕೇಳಿದರು:

"ನಾಳೆ ಪೂರಿಗಾಲಿಗೆ ಎಷ್ಟೊತ್ಗವ್ವ ಒಂಡದು?"

"ಬೆಳಕು ಹರಿಯೋ ಮುಂಚೆ."

"ಇವತ್ತೇ ಡೀಸೆಲ್ ಆಕಿಸ್ಕಬುಡು."

ಮದ್ದೂರಿನವರು ಕಾಫಿ ಕುಡಿದು ಹೋದರು. ದೊಡ್ಡಪ್ಪ ಕುಡಿಯದೆ ಹೋದರು. ಅವರು ಈಗಲೂ ನನ್ನನ್ನು ಮಾತಾಡಿಸುವುದಿಲ್ಲ. ನಾನೂ ಹೋಗಿ ಮಾತಾಡಿಸಿಲ್ಲ.

ಸೋಮವಾರ ತಂಪು ಹೊತ್ತಿನಲ್ಲೇ ಹೊರಟೆ. ಕಬ್ಬಿನ ಟ್ರಾಕ್ಟರುಗಳು ಕೊರೆದಿಟ್ಟ ಹಳ್ಳಗಳು ಮಳವಳ್ಳಿ ದಾಟಿದರೂ ಮುಗಿಯಲಿಲ್ಲ. ಮುಂದಿನ ಜೋಡಿ ಇನ್ನೂ ಹಳೆಯದೇ, ಸ್ಟೇರಿಂಗ್ ಕೈಯಲ್ಲಿ ನಡುಗುತ್ತಿತ್ತು. ಹಿಂದುಗಡೆ ಮಾತ್ರ ಸದ್ದಿರಲಿಲ್ಲ. ಪ್ರತಿ ಹಳ್ಳಕ್ಕೂ ಗಾಡಿ ಒಮ್ಮೆ ತಗ್ಗಿ ಎದ್ದು ಸುಮ್ಮನಾಗುತ್ತಿತ್ತು.

ಪೂರಿಗಾಲಿಯ ಹೆಂಗಸು ಮೊದಲ ತಟ್ಟೆಯ ಕಾಗದ ಎತ್ತಿದರು. ಶೆಡ್ಡಿನಲ್ಲಿ ನಾನು ಹರಡಿದಂತೆಯೇ ಸೊಪ್ಪು ಇತ್ತು. ಅದರ ಮೇಲೆ ಹುಳುಗಳು ತಲೆಯೆತ್ತಿ ಜ್ವರಕ್ಕೆ ಕೂತಿದ್ದವು. ಅವರು ಇನ್ನೊಂದು ತಟ್ಟೆ ತೆರೆದರು, ಮತ್ತೊಂದು ತೆರೆದರು. ಆಮೇಲೆ ಗಾಡಿಯೊಳಗೆ ಕತ್ತು ಚಾಚಿ ಯಾರನ್ನೋ ಹುಡುಕಿದರು.

"ಅಲುಗೇ ಇಲ್ವಲ್ಲವ್ವ! ಈ ಕಿತ ಯಾವ್ ಡ್ರೈವರ್‌ನ ಕರ್ಕಂಡ್ ಬಂದೆ?"

"ಹೋದ ಕಿತ ಬಂದಿದ್ದವಳನ್ನೇ," ಎಂದು ಮುಂದಿನ ತಟ್ಟೆಗೆ ಕೈ ಹಾಕಿದೆ.