ಮುಖಕ್ಕೆ ಬಾರದ ನಗು

ಮೊನ್ನೆ ಜಕ್ಕೂರಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಯಾರದೋ ಮನೆಯ ಧನಿಯಾ ಹುರಿದ ವಾಸನೆ ತುಂಬಿಕೊಂಡಿತ್ತು. ಜೊತೆಗೆ ಕರಿಬೇವು, ಒಂದಿಷ್ಟು ಮೆಂತ್ಯ... ನನ್ನ ಮಹಡಿ ಬಂದರೂ ಇಳಿಯಲು ಮನಸ್ಸಾಗಲಿಲ್ಲ. ಅಮೃತಹಳ್ಳಿಯ ನಮ್ಮ ಹಳೆಯ ಬೀದಿಯ ಎದುರುಮನೆ ದೊಡ್ಡಮ್ಮ ನೆನಪಾದರು.

ದೊಡ್ಡಮ್ಮ ನಮಗೆ ನೆಂಟರೇನಲ್ಲ. ಆದರೆ ಬೀದಿಗೆಲ್ಲ ಅವರದೇ ಮೂಗು. ಊರವರ ವಿಷಯಕ್ಕೆಲ್ಲ ಮೂಗು ತೂರಿಸುತ್ತಿದ್ದರು, ಅದು ಬೇರೆ ಮಾತು. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಸಾರಿನ ಪುಡಿ ಮಾಡಿಸುವಾಗ, ಮಿಲ್ಲಿಗೆ ಹೋಗುವ ಮೊದಲು ಎಲ್ಲರ ಬಾಣಲೆಯೂ ಅವರ ಜಗಲಿಯ ಒಲೆ ಏರಲೇಬೇಕು. ಅವರು ಬಾಣಲೆಯತ್ತ ತಿರುಗಿಯೂ ನೋಡುತ್ತಿರಲಿಲ್ಲ. ಸುದ್ದಿ ಹೇಳುತ್ತಾ ನಗುತ್ತಾ ಕೂತವರು ವಾಸನೆಯಲ್ಲೇ ಹದ ಹಿಡಿದು ತಟ್ಟನೆ, "ಇಳಿಸ್ರೇ, ಇನ್ನೊಂದ್ ಗಳಿಗೆ ಬಿಟ್ರೆ ಸೀದೋಯ್ತದೆ!" ಎನ್ನುತ್ತಿದ್ದರು. ಆ ನಗುವೋ, ಬೀದಿಯ ತುದಿಗೂ ಕೇಳಿಸುವಂಥದ್ದು. ಅದಕ್ಕೆ ಸದಾ ಜೊತೆ ನನ್ನ ಅಮ್ಮನದು.

ಒಂದು ಬೇಸಿಗೆ ಅಮ್ಮನ ಧನಿಯಾ ಕಪ್ಪಾಯಿತು. ಹೊಗೆ ಎದ್ದರೂ ದೊಡ್ಡಮ್ಮ ಸುಮ್ಮನೆ ಕೂತಿದ್ದರು. "ಅಕ್ಕಾ, ನಿನ್ ಮೂಗು ಎಲ್ಲೋಯ್ತು?" ಎಂದು ಅಮ್ಮ ತಮಾಷೆ ಮಾಡಿದಳು. ದೊಡ್ಡಮ್ಮ ನಗಲಿಲ್ಲ. ಆಮೇಲೆ ಎದುರಾದಾಗಲೂ ನಗಲಿಲ್ಲ. ದನಿ ಇಳಿಯಿತು, ಮುಖ ಕಲ್ಲಾಯಿತು. ಜಮೀನಿಗೆ ರೇಟು ಬಂದ ಮೇಲೆ ಗರ್ವ ಬಂದಿದೆ ಎಂದು ಬೀದಿಯವರು ಆಡಿಕೊಂಡರು. ಅಮ್ಮನಿಗೆ ಮಾತ್ರ ತನ್ನ ತಮಾಷೆಯೇ ಚುಚ್ಚಿತೆಂಬ ಕೊರಗು. "ಒಂದ್ ಮಾತಿಗೆ ಇಷ್ಟು ಸಿಟ್ಟಾ?" ಎಂದು ಕೊನೆಗೆ ಅವಳೂ ಮುನಿಸಿಕೊಂಡಳು. ಎದುರುಬದುರು ಬಾಗಿಲು, ಮಾತಿಲ್ಲ ಕತೆಯಿಲ್ಲ... ಬೇಸಿಗೆಗಳು ಹಾಗೇ ಕಳೆದವು.

ದೊಡ್ಡಮ್ಮನ ಕೈ ನಡುಗತೊಡಗಿದ ಮೇಲೆ ಅವರ ಮಗಳು ಹೆಬ್ಬಾಳದ ಕಡೆ ಡಾಕ್ಟರೊಬ್ಬರಿಗೆ ತೋರಿಸಿದಳು. ಪಾರ್ಕಿನ್ಸನ್ಸ್ ಕಾಯಿಲೆ. ಡಾಕ್ಟರು ಬಿಡಿಸಿ ಹೇಳಿದ್ದನ್ನು ಅವಳೇ ನಮ್ಮ ಮನೆಗೆ ಬಂದು ಹೇಳಿದಳು. ಮೆದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಕಳಿಸಲು ನೆರವಾಗುವ ಪ್ರೋಟೀನ್ ಒಂದಿದೆಯಂತೆ, ಆಲ್ಫಾ ಸಿನ್ಯೂಕ್ಲೀನ್ ಅಂತ. ಅದು ಸರಿಯಾಗಿ ಮಡಚಿಕೊಳ್ಳದೆ ಗಂಟುಗಂಟಾಗಿ ಕೋಶದೊಳಗೇ ಕೂತುಬಿಡುತ್ತದಂತೆ. ಕೈ ನಡುಗುವುದಕ್ಕೆ ವರ್ಷಗಳ ಮುಂಚೆಯೇ ಎಷ್ಟೋ ಜನಕ್ಕೆ ವಾಸನೆ ತಿಳಿಯದಾಗುತ್ತದೆ, ದನಿ ಇಳಿಯುತ್ತದೆ, ಮುಖದ ಸ್ನಾಯುಗಳೂ ಬಿಗಿಯುತ್ತವೆ. "ಅಮ್ಮಂಗೆ ಯಾರ ಮೇಲೂ ಸಿಟ್ಟಿಲ್ಲ ಚಿಕ್ಕಮ್ಮಾ" ಎಂದಳು.

ಅಮ್ಮ ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿದಳು. ನಾನೂ ಹಿಂದೆ ಹೋದೆ. ಅಮ್ಮ ದೊಡ್ಡಮ್ಮನ ಪಕ್ಕ ಕೂತು ಹಳೆಯ ಸುದ್ದಿಯೊಂದನ್ನು ಎತ್ತಿದಳು, ಯಾರದೋ ಮದುವೆಯಲ್ಲಿ ಬೀಗರಿಗೇ ಉಪ್ಪಿಲ್ಲದ ಸಾರು ಬಡಿಸಿದ್ದು. ದೊಡ್ಡಮ್ಮನ ಮುಖ ಅಲುಗಲಿಲ್ಲ. ಅಮ್ಮನ ಮಾತು ಅರ್ಧಕ್ಕೇ ನಿಂತಿತು. ಆಗ ದೊಡ್ಡಮ್ಮ, ಕಿವಿಗೊಟ್ಟರಷ್ಟೇ ಕೇಳುವ ದನಿಯಲ್ಲಿ, "ಯೋಳೇ... ನಗ್ತಾನೇ ಇವ್ನಿ ಕಣೇ. ಮುಖಕ್ಕೆ ಬತ್ತಿಲ್ಲ, ಅಷ್ಟೇಯ" ಎಂದರು.

ಅಮ್ಮ ಅಳುತ್ತಲೇ ಕತೆ ಮುಗಿಸಿದಳು. ಅಂದಿನಿಂದ ದಿನಾ ಅವರೆದುರು ಕೂತು ಹರಟುತ್ತಿದ್ದಳು. ಆ ಮುಖದಲ್ಲಿ ನಗು ಯಾವಾಗ ಬಂತೆಂದು ನಮಗ್ಯಾರಿಗೂ ತಿಳಿಯದಿದ್ದರೂ ಅವಳಿಗೆ ತಿಳಿಯುತ್ತಿತ್ತು.

ದೊಡ್ಡಮ್ಮ ಹೋಗಿ ಕೆಲವು ವರ್ಷಗಳಾದವು. ಮುನಿಸಿನಲ್ಲಿ ಕಳೆದ ಆ ಬೇಸಿಗೆಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಈ ಸಲ ಅವರಿಗೆ ಎಡೆ ಇಟ್ಟ ದಿನ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಹಾರ ಹಾಕಿದ ಫೋಟೋದಲ್ಲಿ ದೊಡ್ಡಮ್ಮ ಬಾಯ್ತುಂಬ ನಗುತ್ತಿದ್ದರು. ಎಷ್ಟು ಲಕ್ಷಣವಾಗಿದ್ದಾರೆ ಎಂದು ಬಂದವರೆಲ್ಲ ಹೇಳಿದರು. ಅಮ್ಮ ಫೋಟೋ ನೋಡಿ ನನ್ನತ್ತ ತಿರುಗಿದಳು.

"ಇದು ಎಲ್ಲಾರ್ಗೂ ನಕ್ಕಿದ್ದು ಕಣೋ. ನಂಗೆ ನಕ್ಕಿದ್ ಮುಖಾನ ಯಾರೂ ಫೋಟೋ ತೆಗೀಲೇ ಇಲ್ಲ."