ಅವ್ವನಿಗೊಬ್ಬಳು ದುಭಾಷಿ

ದೇವರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ದೇವರ ಮೇಲೆ ಹೊಟ್ಟೆಕಿಚ್ಚಿದೆ. ಇದು ತರ್ಕಕ್ಕೆ ನಿಲ್ಲುವ ಮಾತಲ್ಲವೆಂದು ನನಗೂ ಗೊತ್ತು. ಇಲ್ಲದವನ ಮೇಲೆ ಹೊಟ್ಟೆಕಿಚ್ಚು ಪಡುವುದು ಹೇಗೆ? ವಾದಸ್ಪರ್ಧೆಯಲ್ಲಿ ಎದುರು ಪಕ್ಷದವರು ಯಾರಾದರೂ ಹೀಗೆ ಅಂದಿದ್ದರೆ ನಾನೇ ಎದ್ದು ನಿಂತು, ‘ಅಧ್ಯಕ್ಷ ಮಹಾಶಯರೇ, ನನ್ನ ಪ್ರತಿಸ್ಪರ್ಧಿ ತಮ್ಮ ಮೊದಲನೆಯ ವಾಕ್ಯವನ್ನು ಎರಡನೆಯ ವಾಕ್ಯದ ಕೈಯಲ್ಲಿ ಕೊಲ್ಲಿಸಿದ್ದಾರೆ’ ಎಂದು ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಆದರೆ ಆ ಇಲ್ಲದವನು ಪ್ರತಿ ಬೇಸಿಗೆಯಲ್ಲಿ ನಾಲ್ಕು ದಿನ ನಮ್ಮವ್ವನನ್ನು ಕರೆದುಕೊಂಡು ಹೋಗುತ್ತಾನಲ್ಲ, ಅದಕ್ಕೆ ಯಾವ ಅಧ್ಯಕ್ಷರಿಗೆ ದೂರು ಕೊಡಲಿ?

ಈ ವಿಷಯದಲ್ಲಿ ಸೊಲ್ಲಾಪುರದವರ ಪಾಡು ಬೇರೆಯವರಿಗಿಂತ ಕಷ್ಟದ್ದು. ಕನ್ನಡದಲ್ಲಿ ಅಸೂಯೆಯಾದರೆ ಹೊಟ್ಟೆ ಉರಿಯುತ್ತದೆ. ಮರಾಠಿಯಲ್ಲಿ ಹೊಟ್ಟೆ ನೋಯುತ್ತದೆ. ‘ಪೋಟಾತ ದುಖತಯ’ ಅನ್ನುತ್ತಾರೆ. ಬೆಳಿಗ್ಗೆ ಒಂದು ಭಾಷೆ, ಸಂಜೆ ಇನ್ನೊಂದು ಭಾಷೆ ಎಂದು ಬದುಕುವ ನಮಗೆ ಉರಿಯೂ ಆಯಿತು, ನೋವೂ ಆಯಿತು. ಸಂಸ್ಕೃತದವರು ಜಾಣರು. ಕಾಮ, ಕ್ರೋಧಗಳನ್ನೆಲ್ಲ ಮುಂದೆ ಕೂರಿಸಿ ಮಾತ್ಸರ್ಯವನ್ನು ಅರಿಷಡ್ವರ್ಗದ ಕೊನೆಯ ಬೆಂಚಿಗೆ ಕಳಿಸಿದ್ದಾರೆ. ನನ್ನನ್ನು ಕೇಳಿದ್ದರೆ ಅದಕ್ಕೇ ಮೊದಲ ಸ್ಥಾನ ಕೊಡುತ್ತಿದ್ದೆ. ‘ನನಗೆ ಸಿಟ್ಟು ಜಾಸ್ತಿ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು ಎಷ್ಟು ಬೇಕಾದರೂ ತೋರಿಸುತ್ತೇನೆ. ‘ನನಗೆ ಹೊಟ್ಟೆಕಿಚ್ಚು ಜಾಸ್ತಿ’ ಎಂದು ಹೇಳಿಕೊಳ್ಳುವವರನ್ನು ನೀವು ಒಬ್ಬರನ್ನು ತೋರಿಸಿ. ಸದ್ಯಕ್ಕೆ ನನ್ನನ್ನೇ ಇಟ್ಟುಕೊಳ್ಳಿ.

ನಮ್ಮದು ವಿಜಾಪುರ ರಸ್ತೆಯ ಮನೆ; ಅಪ್ಪನದು ಚಾದರು ಟವೆಲಿನ ಅಂಗಡಿ. ಅವ್ವ ಇಂಡಿ ಕಡೆಯ ಹೆಣ್ಣು, ಕನ್ನಡ ಶಾಲೆಯಲ್ಲಿ ಕಲಿತವಳು. ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆ, ಆಮೇಲೆ ಪೂರ್ತಿ ಮರಾಠಿ. ವಾದಸ್ಪರ್ಧೆಯಲ್ಲಿ ನನಗೆ ಬಹುಮಾನದ ಕಪ್ಪುಗಳು ಸಾಕಷ್ಟು ಬಂದಿವೆ. ಅವುಗಳಲ್ಲಿ ದೊಡ್ಡದರಲ್ಲಿ ಅವ್ವ ಸೇಫ್ಟಿಪಿನ್ನು ಮತ್ತು ರಬ್ಬರು ಹಾಕಿಡುತ್ತಾಳೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ನನ್ನ ಭಾಷಣ ಕೇಳಲು ಬಂದವಳಲ್ಲ. ಕರೆದರೆ, ‘ಮನ್ಯಾಗ ದಿನಾ ಫುಕಟ ಕೇಳತೀನಿ, ಅಲ್ಲಿ ಬಂದು ಒಂದು ಕುರ್ಚಿ ಯಾಕ ಕೆಡಸ್ಲಿ?’ ಅನ್ನುತ್ತಿದ್ದಳು.

ಈ ಮೇ ತಿಂಗಳಿನದು ನನ್ನ ಕೊನೆಯ ಸ್ಪರ್ಧೆ. ಕಾಲೇಜು ಮುಗಿಯಿತು, ಇನ್ನು ಯಾರೂ ನನ್ನ ಮಾತಿಗೆ ಕಪ್ಪು ಕೊಡುವುದಿಲ್ಲ. ವಿಷಯ, ‘ಶ್ರದ್ಧೆ ಮನುಷ್ಯನನ್ನು ದುರ್ಬಲಗೊಳಿಸುತ್ತದೆ’. ನಾನು ಪರ. ರವಿವಾರ ಮುಂಜಾನೆ ಅಂತಿಮ ಸುತ್ತು. ಅವ್ವನಿಗೆ ತಿಂಗಳ ಮೊದಲೇ ಹೇಳಿಟ್ಟೆ. ‘ಬರ್ತೀನಿ ಬಿಡ’ ಅಂದಳು. ಈ ‘ಬಿಡ’ ಅನ್ನುವುದು ಒಪ್ಪಿಗೆಯೋ, ಬಿಡುಗಡೆಯ ಬೇಡಿಕೆಯೋ ಎಂದು ಆಗಲೇ ಕೇಳಿಕೊಳ್ಳಬೇಕಿತ್ತು.

ಆ ವಾರ ಶುರುವಾದದ್ದೇ ಓಟದಲ್ಲಿ. ಸೋಮವಾರ ಮಾವಶಿ, ಅಂದರೆ ಅವ್ವನ ತಂಗಿ, ತನ್ನ ಇಬ್ಬರು ಮಕ್ಕಳೊಂದಿಗೆ ರೈಲಿನಲ್ಲಿ ನಮ್ಮಲ್ಲಿಗೆ ಹೊರಟವಳು, ಸೊಲ್ಲಾಪುರ ಬಂತೆಂದು ತಿಳಿದು ಅದಕ್ಕಿಂತ ಮೊದಲಿನ ಹೋಟಗಿಯಲ್ಲೇ ಇಳಿದುಬಿಟ್ಟಳು. ಅವ್ವ ರಿಕ್ಷಾ ಮಾಡಿಕೊಂಡು ಹೋಗಿ ಮೂವರನ್ನೂ ಏಳು ಗಂಟುಗಳನ್ನೂ ತಂದಳು. ಮರುದಿನ ಬಿಸಿಲೇರುವ ಮೊದಲೇ ಮಾಳಿಗೆಯ ಮೇಲೆ ಕುರಡಿಗಿ ಸಂಡಿಗೆ ಒತ್ತುವುದು. ನೆನೆಸಿ ಹಿಂಡಿದ ಗೋಧಿಯ ಹಾಲನ್ನು ಕಾಯಿಸುತ್ತ ಗಂಟಾಗದಂತೆ ತಿರುವುತ್ತಲೇ ಇರಬೇಕು. ಕೈ ಬಿಟ್ಟರೆ ಕೆಟ್ಟಿತು. ಅವ್ವ ತಿರುವಿದಳು, ಒತ್ತಿದಳು, ಮಧ್ಯೆ ಕೆಳಗಿಳಿದು ಅಪ್ಪನಿಗೆ ಡಬ್ಬಿ ಕಟ್ಟಿದಳು, ಮಾವಶಿಯ ಮಗಳ ಜ್ವರ ನೋಡಿದಳು, ಮತ್ತೆ ಮೇಲೆ ಹತ್ತಿದಳು. ನಾನು ನೆರಳಿನಲ್ಲಿ ಕೂತು ಕಾಗೆ ಓಡಿಸುತ್ತ ಶ್ರದ್ಧೆಯಿಂದ ಮನುಷ್ಯ ಹೇಗೆ ದುರ್ಬಲನಾಗುತ್ತಾನೆಂದು ಟಿಪ್ಪಣಿ ಮಾಡಿಕೊಂಡೆ. ಬುಧವಾರ ಮಾವಿನಕಾಯಿ ಉಪ್ಪಿನಕಾಯಿ. ಅದರ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದ ಕೈಯಲ್ಲೇ ಅವಳು ಬ್ಯಾಗು ತುಂಬತೊಡಗಿದಾಗ ನನಗೆ ಎಚ್ಚರವಾಯಿತು.

‘ಎಲ್ಲಿಗೆ?’

‘ನಾಳಿಂದ ಅಕ್ಕಲಕೋಟದಾಗ ಭಕ್ತರ ಶಿಬಿರ ಅಲ್ಲೇನ.’

‘ಮುಗಿಯೋದು?’

‘ರವಿವಾರ ಸಂಜೀಕ.’

‘ಅವ್ವಾ, ನನ್ನ ಸ್ಪರ್ಧಾ ರವಿವಾರ ಮುಂಜಾನಿ!’

‘ಅಯ್ಯ, ಹೌದಲ್ಲ’ ಅಂದಳು ಅವ್ವ, ಬ್ಯಾಗಿನ ಚೈನು ಎಳೆಯುತ್ತ. ಇಷ್ಟು ಕಡಿಮೆ ಮಾತಿನಲ್ಲಿ ಯಾವ ಎದುರಾಳಿಯೂ ನನ್ನನ್ನು ಕೂರಿಸಿದ್ದಿಲ್ಲ.

ಎರಡು ದಿನ ಉರಿದೆ, ನೊಂದೆ. ಶನಿವಾರ ಅಕ್ಕಲಕೋಟದ ಬಸ್ಸು ಹತ್ತಿದೆ, ಅವ್ವನನ್ನು ವಾದ ಮಾಡಿ ಗೆದ್ದು ತರಲು. ನಮ್ಮ ಹಳೆಯ ತರ್ಕಶಾಸ್ತ್ರಜ್ಞರು ಮಾತಿನ ಜಗಳವನ್ನು ಮೂರು ತರ ಮಾಡಿದ್ದಾರೆ. ಸತ್ಯ ತಿಳಿಯಲಿಕ್ಕೆ ಮಾಡುವುದು ವಾದ. ಗೆಲ್ಲಲಿಕ್ಕೆ ಮಾಡುವುದು ಜಲ್ಪ. ತನ್ನದೇನೂ ಹೇಳದೆ ಎದುರಿನವನದನ್ನು ಕೆಡವುವುದಷ್ಟೇ ಆದರೆ ವಿತಂಡ. ಬಸ್ಸು ಊರು ದಾಟುವವರೆಗೆ ನಾನು ವಾದಕ್ಕೆ ಸಿದ್ಧಳಾಗಿದ್ದೆ. ಅಕ್ಕಲಕೋಟ ಬರುವಷ್ಟರಲ್ಲಿ ಜಲ್ಪವನ್ನೂ ದಾಟಿದ್ದೆ.

ಭಕ್ತನಿವಾಸದ ಬಾಗಿಲಲ್ಲಿ ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ಕೊತ್ತಂಬರಿ ಸೋಸುತ್ತಿದ್ದಳು. ಅವ್ವನ ಹೆಸರು ಹೇಳಿ ಎಲ್ಲಿದ್ದಾಳೆಂದು ಕೇಳಿದೆ.

‘ತಾಯಿ ಏನ್ರಿ? ಒಳಗ ಹಿಟ್ಟ ನಾದಾಕತ್ತಾರ.’

ಮರಾಠಿಯಲ್ಲಿ ‘ತಾಈ’ ಅಂದರೆ ಅಕ್ಕ, ಇದು ನನಗೆ ಗೊತ್ತಿಲ್ಲದ್ದಲ್ಲ. ಸೊಲ್ಲಾಪುರದಲ್ಲಿ ತರಕಾರಿಯವನೂ ನನಗೆ ತಾಈ ಅನ್ನುತ್ತಾನೆ. ಒಳಗಿನ ಹೆಂಗಸರೆಲ್ಲ ಅವ್ವನನ್ನು ಹಾಗೆಯೇ ಕರೆಯುತ್ತಿರಬೇಕು, ಕರೆಯಲಿ, ಅಕ್ಕ ಎಷ್ಟು ಜನಕ್ಕಾದರೂ ಆಗಬಹುದು. ಆದರೆ ಈ ಹುಡುಗಿ ಅಂದದ್ದು ಶುದ್ಧ ಕನ್ನಡದ ಮಾತಿನ ನಡುವೆ. ವಿಚಾರಣೆ ಮಾಡಿಬಿಟ್ಟೆ.

‘ನೀ ಮರಾಠಿ ತಾಈ ಅಂದ್ಯೋ, ಕನ್ನಡ ತಾಯಿ ಅಂದ್ಯೋ?’

ಅವಳು ಕಣ್ಣರಳಿಸಿ ನೋಡಿದಳು. ‘ನಾವು ವಾಗದರಿಯವ್ರರಿ, ಕನ್ನಡದ ಊರು. ನಮಗ ತಾಯಿ ಅಂದ್ರ ತಾಯೇ ರಿ. ನೀವ್ಯಾರು?’

‘ಅವರ ಮಗಳು.’

‘ಹಂಗಾರ ವಾದಾ ಮಾಡಾಕಿ ನೀವೇ ಏನ್ರಿ!’ ಅಂದಳು, ಯಾವುದೋ ಖ್ಯಾತ ರೋಗದ ರೋಗಿಯನ್ನು ಕಣ್ಣಾರೆ ಕಂಡವಳಂತೆ.

ಅವಳ ಹೆಸರು ಮಾಯವ್ವ. ಕುರಿ ಸಾಕುವ ಮನೆಯವಳು. ಶಿಬಿರದ ಅಡುಗೆಮನೆಯಲ್ಲಿ ಅವ್ವನ ಕೈಕೆಳಗೆ ಮೂರು ದಿನದಿಂದ ಇದ್ದಾಳೆ. ಅವಳೇ ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಅವ್ವ ಹಿಟ್ಟು ನಾದುವ ದೊಡ್ಡ ಪರಾತದ ಮುಂದೆ ಕೂತಿದ್ದಳು. ಕೊರಳಲ್ಲಿ ದಾರ ಕಟ್ಟಿದ ಒಂದು ರಟ್ಟು, ಅದರ ಮೇಲೆ ‘ಮೌನ’. ಮುಂಜಾನೆಯಿಂದ ನಾಲ್ಕು ಗಂಟೆಯವರೆಗೆ ಶಿಬಿರದವರು ಯಾರೂ ಮಾತಾಡುವಂತಿಲ್ಲ. ಅಡುಗೆಮನೆಯ ಸಲುವಾಗಿ ಮಾಯವ್ವನಿಗೆ ಮಾತ್ರ ವಿನಾಯಿತಿ.

ನನ್ನನ್ನು ಕಂಡು ಅವ್ವನ ಮುಖ ಅರಳಿತು. ಎರಡು ಬೆರಳೆತ್ತಿದಳು.

‘ಎರಡು ಗಂಟೆಗೆ ಹೊರಡತಿಯಾ?’ ಎಂದೆ ಆಸೆಯಿಂದ.

‘ಇಲ್ರಿ ಅಕ್ಕಾರ’ ಅಂದಳು ಮಾಯವ್ವ. ‘ಇನ್ನೆರಡು ಲಟ್ಟಣಿಗಿ ತಾ ಅನ್ನಾಕತ್ತಾರ, ನನಗ.’

ಅವ್ವ ನನ್ನ ಕಡೆ ತಿರುಗಿ ತನ್ನ ತಲೆಯ ಮೇಲೆ ಅಂಗೈ ಆಡಿಸಿದಳು. ಹೋಗು ಅನ್ನುತ್ತಿದ್ದಾಳೆಯೇ?

‘ಇಷ್ಟು ಬಿಸಲಾಗ ತಲಿಗೆ ಏನೂ ಕಟ್ಟದ ಬಂದೀರಿ ಅಂತ ಬೈಯಾಕತ್ತಾರ್ರಿ.’

ಇಪ್ಪತ್ತೆರಡು ವರ್ಷ ಅವ್ವನ ಜೊತೆ ಬದುಕಿದವಳು ನಾನು. ಅವಳಿಗೂ ನನಗೂ ನಡುವೆ ಮೂರು ದಿನದ ದುಭಾಷಿ! ‘ಭಾರೀ ಬೇಗ ಕಲತಿ ಬಿಡವಾ’ ಎಂದೆ. ಮಾತಿನಲ್ಲಿ ಮುಳ್ಳಿತ್ತು. ಮಾಯವ್ವನಿಗೆ ಅದು ತಾಗಲೂ ಇಲ್ಲ. ‘ನಮ್ಮ ಮನಿ ತುಂಬ ಕುರಿ ಅದಾವ್ರಿ ಅಕ್ಕಾರ. ಅವೇನು ಮಾತಾಡ್ತಾವ? ನೋಡಿ ತಿಳ್ಕೋಬೇಕು.’

ನೋಡುವುದು ನನಗೆ ಬರುವುದಿಲ್ಲ, ಹೇಳುವುದು ಬರುತ್ತದೆ. ಹೇಳಿದೆ. ಮೊದಲನೆಯದಾಗಿ ಕೊಟ್ಟ ಮಾತು, ಎರಡನೆಯದಾಗಿ ಶಿಬಿರ ಪ್ರತಿ ವರ್ಷ ಬರುತ್ತದೆ, ನನ್ನ ಕೊನೆಯ ಸ್ಪರ್ಧೆ ಬರುವುದಿಲ್ಲ, ಮೂರನೆಯದಾಗಿ ಸರ್ವಾಂತರ್ಯಾಮಿ ಎನಿಸಿಕೊಂಡವನು ರವಿವಾರ ಮುಂಜಾನೆ ಸೊಲ್ಲಾಪುರದ ಸಭಾಗೃಹದಲ್ಲೂ ಸಿಗಬೇಕು. ಮೂರನೆಯದು ನನಗೇ ಇಷ್ಟವಾಯಿತು. ಅವ್ವ ಪೂರ್ತಿ ಕೇಳಿದಳು. ಆಮೇಲೆ ಹಿಟ್ಟಿನಿಂದ ಒಂದು ಉಂಡೆ ಹರಿದು ನನ್ನ ಅಂಗೈಯಲ್ಲಿಟ್ಟಳು. ಇದರಲ್ಲಿ ಏನೋ ಆಳವಾದ ಅರ್ಥವಿದೆಯೆಂದು ಮಾಯವ್ವನ ಮುಖ ನೋಡಿದೆ.

‘ಲಟ್ಟಸು ಅಂತಾರ್ರಿ’ ಅಂದಳು.

ಲಟ್ಟಿಸಿದೆ. ನನ್ನ ಚಪಾತಿ, ಗಡಿವಿವಾದದಲ್ಲಿರುವ ರಾಜ್ಯದಂತೆ ಎಲ್ಲ ದಿಕ್ಕಿಗೂ ಹಕ್ಕು ಸಾಧಿಸಿತು. ಮಾಯವ್ವನದು ಹುಣ್ಣಿಮೆಯ ಚಂದ್ರ. ಅವ್ವ ಅವಳ ಚಪಾತಿ ನೋಡಿ ತಲೆಯಾಡಿಸಿದ ರೀತಿಯನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ನನ್ನ ಒಂದು ಕಪ್ಪಿಗೂ ಅವಳು ಹಾಗೆ ತಲೆಯಾಡಿಸಿದ್ದಿಲ್ಲ.

ನಾಲ್ಕಕ್ಕೆ ಗಂಟೆ ಹೊಡೆಯಿತು. ಅವ್ವ ರಟ್ಟು ತೆಗೆದಿಟ್ಟು, ನನ್ನನ್ನು ಹಿತ್ತಲಿನ ಕಟ್ಟೆಗೆ ಕರೆದುಕೊಂಡು ಹೋದಳು. ಮೊದಲ ಮಾತು, ‘ಉಂಡ್ಯಾ?’ ಎರಡನೆಯದು, ‘ನಾ ಒಮ್ಮೆ ಬಂದಿದ್ದೆ.’

‘ಎಲ್ಲಿಗೆ?’

‘ನಿನ್ನ ಸ್ಪರ್ಧಾಕ. ನೀ ಹತ್ತನೇ ಇಯತ್ತೇದಾಗ ಇದ್ದಿ. ಹಿಂದ ನಿಂತಿದ್ದೆ. ನಿನಗ ಹೇಳಲಿಲ್ಲ.’

‘ಯಾಕ?’

‘ನಿನ್ನ ಮರಾಠಿ ನನಗ ತಿಳೀಲಿಲ್ಲ, ಮಗಳ. ಪ್ಯಾಟಿ ಮರಾಠಿ ತಿಳೀತೈತಿ, ಬಾಜೂಮನಿಯವ್ರ ಮರಾಠಿ ತಿಳೀತೈತಿ. ನೀ ಅಲ್ಲಿ ನಿಂತು ಗುಡುಗೂದು ತಿಳೀಲಿಲ್ಲ. ಎಲ್ಲಾರೂ ನಕ್ರು, ನಾನೂ ನಕ್ಕೆ. ಎಲ್ಲಾರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ. ಬಾಜೂಕ ನಿಂತಾಕಿ, ಆ ಹುಡಗಿ ಏನಂದ್ಲು ಅಂತ ಕೇಳಿದ್ಲು. ಓಡಿ ಬಂದೆ.’

ನಾನು ಸುಮ್ಮನೆ ಸೋಲುವವಳಲ್ಲ. ‘ಇಲ್ಲಿ ಪ್ರವಚನನೂ ಮರಾಠಿನೇ ಅಲ್ಲ? ಅದು ತಿಳೀತೈತೇನು?’

‘ಅರ್ಧಾ ತಿಳಿಯಂಗಿಲ್ಲ. ಇಲ್ಲಿ ತಿಳೀದಿದ್ರೂ ನಡೀತೈತಿ. ದೇವರೇನು, ನಾ ಹ್ಯಾಂಗ ಮಾತಾಡಿದೆ ಅವ್ವಾ ಅಂತ ಕೇಳತಾನ? ನೀ ಕೇಳತಿ.’

ಆಮೇಲೆ ನನ್ನ ಕೆನ್ನೆಗೆ ಅಂಟಿದ್ದ ಹಿಟ್ಟು ಒರೆಸಿ, ‘ಬಾ ಅಂದ್ರ ಈಗೂ ಬರ್ತೀನಿ. ಹಿಂದ ಕುಂದ್ರತೀನಿ’ ಅಂದಳು. ‘ಬ್ಯಾಡ’ ಎಂದೆ. ಗೆದ್ದ ವಾದವನ್ನು ನಾನಾಗಿಯೇ ಬಿಟ್ಟುಕೊಟ್ಟದ್ದು ಅದೊಂದೇ ಸಲ. ಬಸ್ಸಿನಲ್ಲಿ ಕೂತ ಮೇಲೆ, ಮಾಯವ್ವ ಈಗ ಅವ್ವನ ಪಕ್ಕದಲ್ಲಿ ಪ್ರಸಾದಕ್ಕೆ ಕೂತಿರುತ್ತಾಳೆಂದು ನೆನಪಾಗಿ ಎರಡೂ ಭಾಷೆಯಲ್ಲಿ ಹೊಟ್ಟೆ ಕೆಟ್ಟಿತು, ಅದು ಬೇರೆ ಮಾತು.

ರವಿವಾರ ನನಗೆ ಎರಡನೆಯ ಬಹುಮಾನ ಬಂತು. ಚೆನ್ನಾಗಿಯೇ ಮಾತಾಡಿದೆ. ಸಭೆ ನಕ್ಕಾಗಲೆಲ್ಲ, ಹಿಂದೆ ನಿಂತ ಯಾರಾದರೂ ಅರ್ಥವಾಗದೆ ನಗುತ್ತಿರಬಹುದೇ ಎಂದು ಕಣ್ಣು ಆ ಕಡೆಗೇ ಹೋಗುತ್ತಿತ್ತು.

ಸೋಮವಾರ ಮಾವಶಿಯನ್ನು ರೈಲಿಗೆ ಹತ್ತಿಸಿ ಬಂದ ಮೇಲೆ ಅವ್ವ ಒಣಗಿದ ಕುರಡಿಗಿಗಳನ್ನು ಡಬ್ಬಿಗೆ ತುಂಬುತ್ತ ಕೂತಳು. ‘ಈಗ ಹೇಳು, ಅಲ್ಲಿ ಏನಂದಿ? ಕನ್ನಡದಾಗ ಹೇಳು.’

ಅದೇನು ಮಹಾ, ದೊಡ್ಡ ಶಬ್ದಗಳೆಲ್ಲ ಎರಡೂ ಭಾಷೆಗೆ ಸಂಸ್ಕೃತದಿಂದಲೇ ಬಂದವು ಎಂದುಕೊಂಡು ‘ಶ್ರದ್ಧೆಯು ಮನುಷ್ಯನ ವಿವೇಚನಾಶಕ್ತಿಯನ್ನು ಕುಂಠಿತಗೊಳಿಸಿ’ ಎಂದು ಶುರು ಮಾಡಿದೆ. ‘ಇದು ಕನ್ನಡ ಅಲ್ಲ, ಕನ್ನಡದ ಟೊಪಗಿ ಹಾಕ್ಕೊಂಡ ಮರಾಠಿ’ ಅಂದಳು ಅವ್ವ. ‘ಮನಿ ಮಾತಿನಾಗ ಹೇಳು.’

ಮನೆಯ ಮಾತಿನಲ್ಲಿ ಹೇಳಲು ಹುಡುಕಿದೆ, ತಡವರಿಸಿದೆ, ಒಂದೊಂದೇ ಶಬ್ದದ ಒಡವೆ ಕಳಚಿದೆ. ಕೊನೆಗೆ ನನ್ನ ಇಡೀ ಭಾಷಣ ಒಂದು ಸಣ್ಣ ವಾಕ್ಯಕ್ಕೆ ಬಂದು ನಿಂತಿತು: ‘ಅಂದ್ರ ಅವ್ವಾ, ದೇವರನ್ನ ನಂಬಿದವ್ರು ಕೈಲಾಗದವ್ರು ಆಗ್ತಾರ.’

ಮರಾಠಿಯಲ್ಲಿ ಇದಕ್ಕೆ ಚಪ್ಪಾಳೆ ಬಿದ್ದಿತ್ತು. ಇಲ್ಲಿ ಅವ್ವನ ಕೈ ಡಬ್ಬಿಯ ಮೇಲೆ ನಿಂತಿತು. ಸಿಟ್ಟಿಲ್ಲ, ನೋವಿಲ್ಲ, ಸಂತೆಯಲ್ಲಿ ಮೆಂತ್ಯದ ದರ ಕೇಳಿದಂತೆ ಕೇಳಿದಳು:

‘ಕೈಲಾಗದವ್ರು ಅಂದ್ರ ಯಾರು? ನಾನಾ?’

ಸ್ಪರ್ಧೆಯಲ್ಲಾದರೆ ಮರುಪ್ರಶ್ನೆಗೆ ಒಂದು ನಿಮಿಷ ಕೊಡುತ್ತಾರೆ. ‘ಗಡಿಬಿಡಿ ಇಲ್ಲ, ವಿಚಾರ ಮಾಡಿ ಹೇಳು’ ಅಂದಳು ಅವ್ವ, ಕೆಲಸ ಬಿಟ್ಟು, ಗಲ್ಲಕ್ಕೆ ಕೈಯಾನಿಸಿ, ನನ್ನ ಮುಖವನ್ನೇ ನೋಡುತ್ತ. ಅಪ್ಪ ಅಂಗಡಿಯಲ್ಲಿದ್ದ, ಮಾವಶಿ ರೈಲಿನಲ್ಲಿದ್ದಳು, ದೇವರು ಎಲ್ಲಿದ್ದನೋ ನನಗೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಉತ್ತರ ಅವಳು ಕೇಳಿದ ಕೂಡಲೇ ಹೊಳೆದಿತ್ತು. ಆದರೂ ಬಾಯಿ ತೆರೆಯಲಿಲ್ಲ. ಹೇಳಿಬಿಟ್ಟರೆ ಅವಳು ಮತ್ತೆ ಕೆಲಸಕ್ಕೆ ತಿರುಗುತ್ತಾಳೆ. ಅವಳು ನೋಡುತ್ತಿದ್ದಷ್ಟು ಹೊತ್ತು, ವಿಚಾರ ಮಾಡುತ್ತಿರುವವಳ ಹಾಗೆ, ಸುಮ್ಮನೆ ಕೂತೇ ಇದ್ದೆ.